ಒಂದು ಕಿಲೊ ಮೈಲುತುತ್ತಲ್ಲಿ ತಾಮ್ರ ಎಷ್ಟುಂಟು? ಪರಮಾಣು, ಪೀರಿಯಾಡಿಕ್ ಟೇಬಲ್, ಮೋಲ್ ಎಲ್ಲ ಅಡಿಕೆ ಮದ್ದಿನ ಡ್ರಮ್ಮಲ್ಲೇ

ಫಸ್ಟ್ ಪಿಯುಸಿಲಿ ಸೈನ್ಸ್ ತಗೊಂಡ ಮಕ್ಕಳಿಗೆ ಕೆಮಿಸ್ಟ್ರಿಯ ಮೊದಲನೇ ಪಾಠದಲ್ಲೇ ಮೋಲ್, ಅವೊಗಾಡ್ರೊ ಸಂಖ್ಯೆ, ಅಟಾಮಿಕ್ ಮಾಸ್, ಸಿಗ್ನಿಫಿಕೆಂಟ್ ಫಿಗರ್ ಅಂತ ಎಲ್ಲ ಒಟ್ಟಿಗೇ ಬಂದು ಬೀಳ್ತದೆ, ಪಕ್ಕದಲ್ಲಿ ಕೂತವರ ಹೆಸರು ಸರಿ ಗೊತ್ತಾಗುವ ಮೊದಲೇ. ಎಸ್ಸೆಸ್ಸೆಲ್ಸಿಲಿ ಒಳ್ಳೆ ಮಾರ್ಕ್ಸ್ ತೆಗೆದವರೂ ಇಲ್ಲಿ ಒಮ್ಮೆ ಮುಗ್ಗರಿಸ್ತಾರೆ. ನಾನು ಪಾಠ ಮಾಡುವವಳಾಗಿ ನೋಡಿದ ಹಾಗೆ ಲೆಕ್ಕ ಕಷ್ಟ ಅಂತ ಅಲ್ಲ, ಬರೀ ಗುಣಾಕಾರ ಭಾಗಾಕಾರ ಅಷ್ಟೆ, ಆದ್ರೆ ಈ ಲೆಕ್ಕ ಯಾವ ಪ್ರಶ್ನೆಗೆ ಉತ್ತರ ಅಂತ ಯಾರೂ ಹೇಳಿರುದಿಲ್ಲ. ಪ್ರಶ್ನೆ ಇಷ್ಟೆ: ಕಣ್ಣಿಗೆ ಕಾಣದ, ಎಣಿಸ್ಲಿಕ್ಕೇ ಆಗದ ವಸ್ತುವನ್ನು ಲೆಕ್ಕ ಮಾಡುದು ಹೇಗೆ? ತೂಗಿ ಲೆಕ್ಕ ಮಾಡುದು. ಇಡೀ ಕೆಮಿಸ್ಟ್ರಿ ನಿಂತಿರುದು ತಕ್ಕಡಿಯ ಮೇಲೆ, ಪೀರಿಯಾಡಿಕ್ ಟೇಬಲ್ ಸಹ ಹುಟ್ಟಿದ್ದು ಅದರಿಂದಲೇ.

ಇದನ್ನು ವಿವರಿಸ್ಲಿಕ್ಕೆ ನಮ್ಮ ಕಡೆ ಒಂದು ಒಳ್ಳೆ ಉದಾಹರಣೆ ಉಂಟು. ಕಾರ್ಕಳ, ಬೆಳ್ತಂಗಡಿ, ಪುತ್ತೂರು, ಎಲ್ಲಿ ಅಡಿಕೆ ತೋಟ ಉಂಟೋ ಅಲ್ಲೆಲ್ಲ ಮಳೆಗಾಲ ಹಿಡಿಯುವ ಮೊದಲು ಮದ್ದು ಬಿಡುದು ಉಂಟಲ್ಲ, ಕೊಳೆರೋಗಕ್ಕೆ, ಆ ಬೋರ್ಡೋ ದ್ರಾವಣ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ತುತ್ತನ್ನು ಒಂದು ಡ್ರಮ್ಮಲ್ಲಿ 50 ಲೀಟರ್ ನೀರಿಗೆ ಕರಗಿಸಿ, ಸುಣ್ಣವನ್ನು ಇನ್ನೊಂದರಲ್ಲಿ 50 ಲೀಟರಿಗೆ ಕದಡಿ ಸೋಸಿ, ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುದು, ಕೋಲಲ್ಲಿ ತಿರುಗಿಸ್ತಾ. 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋ ಊರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ದ್ರಾಕ್ಷಿ ಬಳ್ಳಿಗೆ ಅಂತ ಇದನ್ನು ರೂಢಿಗೆ ತಂದದ್ದು, ಆ ಊರಿನ ಹೆಸರೇ ಇದಕ್ಕೆ ಉಳೀತು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡ್ತಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಹೇಳಿಕೊಟ್ರು. ನೂರು ವರ್ಷಕ್ಕೂ ಹಳೇ ಮದ್ದು, ಇವತ್ತಿಗೂ ತೋಟದವರು ಬಿಡ್ಲಿಲ್ಲ. ಈ ಡ್ರಮ್ಮಲ್ಲಿ ಪಿಯುಸಿ ಮೊದಲ ಪಾಠದ ಎಲ್ಲ ವಿಷಯವೂ ಉಂಟು.

ಮೊದಲು ಆ ನೀಲಿ ಹರಳು ಎಂತದು ನೋಡುವ. ಮೈಲುತುತ್ತು ಅಂದ್ರೆ ಕಾಪರ್ ಸಲ್ಫೇಟ್. ಒಂದು ಹರಳು ಕೈಲಿ ಹಿಡಿದ್ರೆ ಒಣಗಿದೇ ಉಂಟು ಅನ್ನಿಸ್ತದೆ, ಆದ್ರೆ ಅದರೊಳಗೆ ನೀರು ಉಂಟು. ಲ್ಯಾಬಲ್ಲಿ ಟೆಸ್ಟ್ ಟ್ಯೂಬಿಗೆ ನಾಲ್ಕು ಹರಳು ಹಾಕಿ ಬರ್ನರಲ್ಲಿ ಬಿಸಿ ಮಾಡಿದ್ರೆ ಟ್ಯೂಬಿನ ಮೇಲಿನ ತಣ್ಣಗಿನ ಭಾಗದಲ್ಲಿ ಸಣ್ಣ ಸಣ್ಣ ನೀರಿನ ಹನಿ ಕೂತುಕೊಳ್ತದೆ, ಕೆಳಗೆ ನೀಲಿ ಬಣ್ಣ ಅಂಚಿನಿಂದ ಶುರುವಾಗಿ ಮಾಸ್ತಾ ಮಾಸ್ತಾ ಹೋಗಿ ಕೊನೆಗೆ ಬೂದಿ ಮಿಶ್ರಿತ ಬಿಳಿ ಪುಡಿ ಉಳೀತದೆ. ತಣಿದ ಮೇಲೆ ಅದಕ್ಕೆ ಒಂದು ಹನಿ ನೀರು ಬಿಟ್ರೆ ಬಿದ್ದ ಜಾಗ ಮಾತ್ರ ತಟ್ಟನೆ ಮತ್ತೆ ನೀಲಿ, ಟ್ಯೂಬು ಸ್ವಲ್ಪ ಬಿಸಿಯೂ ಆಗ್ತದೆ. ಮಕ್ಕಳು ಇದನ್ನು ಕಣ್ಣಾರೆ ನೋಡ್ಲೇಬೇಕು, ಬೋರ್ಡಲ್ಲಿ ಬರೆದು ಹೇಳಿದ್ರೆ ಆ ನೀರು ಎಲ್ಲಿತ್ತು ಅಂತ ನಂಬ್ಲಿಕ್ಕೆ ಆಗುದಿಲ್ಲ.

ಅಂದ್ರೆ ಹರಳಿನ ಒಳಗೆ ಒಂದು ಲೆಕ್ಕ ಉಂಟು. ಒಂದು ತಾಮ್ರದ ಪರಮಾಣುವಿಗೆ ಒಂದು ಗಂಧಕದ ಪರಮಾಣು, ನಾಲ್ಕು ಆಕ್ಸಿಜನ್, ಮತ್ತೆ ಐದು ನೀರಿನ ಅಣು. ಆರಲ್ಲ, ನಾಲ್ಕೂವರೆ ಅಲ್ಲ, ಐದು. ಮಂಗಳೂರಿನ ಅಂಗಡಿಲಿ ತಗೊಂಡ್ರೂ, ಉಡುಪಿಲಿ ತಗೊಂಡ್ರೂ, ಬೇರೆ ದೇಶದ ಫ್ಯಾಕ್ಟರಿಲಿ ಮಾಡಿದ್ರೂ, ಶುದ್ಧ ಹರಳಾದ್ರೆ ಅದೇ ಲೆಕ್ಕ.

ಈ ಒಂದು ತಾಮ್ರದ ಪರಮಾಣು ಎಷ್ಟು ದೊಡ್ಡದು? ಸ್ಕೇಲಿನ ಒಂದು ಮಿಲಿಮೀಟರ್ ಗೆರೆಯ ಉದ್ದಕ್ಕೆ ತಾಮ್ರದ ಪರಮಾಣುಗಳನ್ನು ಸಾಲಾಗಿ ಒತ್ತೊತ್ತಾಗಿ ಇಟ್ರೆ ಸುಮಾರು 39 ಲಕ್ಷ ಹಿಡೀತದೆ. ಆ ಪರಮಾಣುವಿನ ಒಳಗೆ ನಡುವಲ್ಲಿ ನ್ಯೂಕ್ಲಿಯಸ್, ಅದರಲ್ಲಿ 29 ಪ್ರೋಟಾನ್ ಮತ್ತೆ ಒಂದಿಷ್ಟು ನ್ಯೂಟ್ರಾನ್, ಹೊರಗೆ 29 ಇಲೆಕ್ಟ್ರಾನ್. ನ್ಯೂಕ್ಲಿಯಸ್ಸಿನ ಅಗಲ ಪರಮಾಣುವಿನ ಅಗಲದ ಹತ್ತಾರು ಸಾವಿರ ಪಾಲಲ್ಲಿ ಒಂದು ಪಾಲು, ಆದ್ರೆ ತೂಕ ನೋಡಿದ್ರೆ 99.9 ಶೇಕಡಕ್ಕಿಂತ ಜಾಸ್ತಿ ಅಲ್ಲೇ. ಇಲೆಕ್ಟ್ರಾನನ್ನು ಥಾಮ್ಸನ್ 1897ರಲ್ಲಿ ಕಂಡುಹಿಡಿದ್ರು, ನ್ಯೂಕ್ಲಿಯಸ್ ಉಂಟು ಅಂತ ರುದರ್‌ಫೋರ್ಡ್ 1911ರಲ್ಲಿ ಹೇಳಿದ್ರು, ನ್ಯೂಟ್ರಾನ್ ಚಾಡ್ವಿಕ್‌ಗೆ ಸಿಕ್ಕಿದ್ದು 1932ರಲ್ಲಿ. ಈ ಇಸವಿಗಳನ್ನು ಪರೀಕ್ಷೆಗೆ ಕಂಠಪಾಠ ಮಾಡುದಕ್ಕಿಂತ ಒಂದು ವಿಷಯ ಗಮನಿಸಿ: ಪರಮಾಣುವಿನ ಒಳಗೆ ಎಂತ ಉಂಟು ಅಂತ ಗೊತ್ತಾಗುವ ಎಷ್ಟೋ ಮೊದಲೇ ಕೆಮಿಸ್ಟ್ರಿಯವರ ಹತ್ರ ಪರಮಾಣುಗಳ ತೂಕದ ಪಟ್ಟಿ ಇತ್ತು. 1900ರ ಹೊತ್ತಿಗೂ ಓಸ್ಟ್‌ವಾಲ್ಡ್ ಅಂಥ ದೊಡ್ಡ ಕೆಮಿಸ್ಟು ಪರಮಾಣು ನಿಜವಾಗಿ ಉಂಟಾ ಅಂತ ಅನುಮಾನ ಪಡ್ತಿದ್ರು. ಕಾಣದೇ ಇದ್ದದ್ದರ ತೂಕ ಹೇಗೆ ಸಿಕ್ತು?

ಇದಕ್ಕೂ ತಾಮ್ರವೇ ಸಾಕ್ಷಿ. 1799ರಲ್ಲಿ ಫ್ರಾನ್ಸಿನ ಪ್ರೂಸ್ಟ್ ತಾಮ್ರದ ಕಾರ್ಬೊನೇಟನ್ನು ತಗೊಂಡ್ರು, ಒಂದು ಗಣಿಲಿ ಸಿಕ್ಕಿದ್ದು, ಇನ್ನೊಂದು ಲ್ಯಾಬಲ್ಲಿ ತಾನೇ ಮಾಡಿದ್ದು. ಎರಡನ್ನೂ ಒಡೆದು ತೂಗಿ ನೋಡಿದ್ರೆ ತಾಮ್ರದ ಪಾಲು ಎರಡರಲ್ಲೂ ಒಂದೇ. ಯಾವ ಸಂಯುಕ್ತ ಆದ್ರೂ ಅದರಲ್ಲಿ ಮೂಲವಸ್ತುಗಳ ತೂಕದ ಪ್ರಮಾಣ ಬದಲಾಗುದಿಲ್ಲ ಅಂತ ಅವರು ಹೇಳಿದ್ರು. ಸಕ್ಕರೆ ನೀರು ಹಾಗಲ್ಲ, ಎಷ್ಟು ಬೇಕಾದ್ರೂ ಸಿಹಿ ಮಾಡ್ಬಹುದು, ಅದು ಮಿಶ್ರಣ. ಆದ್ರೆ ತುತ್ತಲ್ಲಿ ಇವತ್ತು ಸ್ವಲ್ಪ ತಾಮ್ರ ಜಾಸ್ತಿ, ನಾಳೆ ಕಮ್ಮಿ ಅಂತ ಇರ್ಲಿಕ್ಕೆ ಸಾಧ್ಯವೇ ಇಲ್ಲ. ಯಾಕೆ? ಅದಕ್ಕೆ ಡಾಲ್ಟನ್ ಕೆಲವೇ ವರ್ಷದಲ್ಲಿ ಉತ್ತರ ಕೊಟ್ರು, ವಸ್ತುಗಳು ಇಡಿ ಇಡಿ ಕಣಗಳಿಂದ ಆದದ್ದು, ಅರ್ಧ ಕಣ ಅಂತ ಇಲ್ಲ, ಒಂದೊಂದು ಮೂಲವಸ್ತುವಿನ ಕಣಕ್ಕೆ ಒಂದೊಂದು ತೂಕ. ಒಂದು ಕಣದ ತೂಕ ಗ್ರಾಮಲ್ಲಿ ಎಷ್ಟು ಅಂತ ಡಾಲ್ಟನ್‌ಗೆ ಗೊತ್ತಿರ್ಲಿಲ್ಲ, ಗೊತ್ತಾಗ್ಬೇಕೂ ಇರ್ಲಿಲ್ಲ. ಹೈಡ್ರೋಜನನ್ನು 1 ಅಂತ ಇಟ್ಕೊಂಡ್ರೆ ಉಳಿದದ್ದು ಅದರ ಎಷ್ಟು ಪಟ್ಟು ಅಂತ ಗೊತ್ತಾದ್ರೆ ಸಾಕಿತ್ತು.

ಆದ್ರೆ ಡಾಲ್ಟನ್ ನೀರಲ್ಲಿ ಒಂದು ಹೈಡ್ರೋಜನ್ ಒಂದು ಆಕ್ಸಿಜನ್ ಅಂತ ಊಹಿಸಿದ್ರು, ಹಾಗಾಗಿ ಆಕ್ಸಿಜನಿನ ತೂಕ ಅರ್ಧ ಆಗಿ ಬಂತು. ಇಂಥ ಗೊಂದಲದಿಂದ ಒಬ್ಬೊಬ್ಬರ ಪಟ್ಟಿ ಒಂದೊಂದು ಥರ, ಸುಮಾರು ಐವತ್ತು ವರ್ಷ ಹೀಗೇ ನಡೀತು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಲಿ ಕೆಮಿಸ್ಟುಗಳೆಲ್ಲ ಸಭೆ ಸೇರಿದಾಗ ಇಟಲಿಯ ಕ್ಯಾನಿಜ್ಜಾರೊ ಸರಿಯಾದ ತೂಕ ಲೆಕ್ಕ ಹಾಕುವ ದಾರಿ ತೋರಿಸಿದ್ರು. ಆ ಸಭೆಲಿ ರಷ್ಯಾದ ಒಬ್ಬ ಯುವಕನೂ ಕೂತಿದ್ದ, ಮೆಂಡಲೀವ್.

ಪೀರಿಯಾಡಿಕ್ ಟೇಬಲ್ ಅಂದ್ರೆ ಗೋಡೆಲಿ ತೂಗುಹಾಕುವ ಬಣ್ಣದ ಚಾರ್ಟು ಅಂತ ಆಗಿಬಿಟ್ಟಿದೆ, 118 ಮನೆ, ನೆನಪಿಡ್ಲಿಕ್ಕೆ ಏನೇನೋ ಪ್ರಾಸ. ನನ್ನ ಅಭಿಪ್ರಾಯದಲ್ಲಿ ಮೊದಲ 20 ಗೊತ್ತಿದ್ರೆ ಸಾಕು, ಉಳಿದದ್ದು ನೋಡಿ ಓದ್ಲಿಕ್ಕೆ ಬಂದ್ರೆ ಆಯ್ತು. 1869ರಲ್ಲಿ ಮೆಂಡಲೀವ್ ಹತ್ರ ಇದ್ದದ್ದು 63 ಮೂಲವಸ್ತು ಮಾತ್ರ. ಅವುಗಳನ್ನು ತೂಕದ ಕ್ರಮದಲ್ಲಿ ಜೋಡಿಸ್ತಾ ಹೋದ್ರೆ ಒಂದಿಷ್ಟು ದೂರ ಹೋದ ಮೇಲೆ ಗುಣ ಮತ್ತೆ ಮರಳಿ ಬರ್ತದೆ ಅಂತ ಅವರು ಗಮನಿಸಿದ್ರು, ಒಂದೇ ಗುಣದವನ್ನು ಒಂದೇ ಸಾಲಿಗೆ ತಂದ್ರು. ಕೆಲವು ಕಡೆ ತೂಕದ ಪ್ರಕಾರ ಬರ್ಬೇಕಾದ್ದು ಗುಣದ ಪ್ರಕಾರ ಅಲ್ಲಿಗೆ ಹೊಂದ್ಲಿಲ್ಲ, ಅಲ್ಲಿ ಅವರು ಜಾಗ ಖಾಲಿ ಬಿಟ್ಟು ಇಲ್ಲಿ ಬರುವವ ಇನ್ನೂ ಸಿಗ್ಲಿಲ್ಲ ಅಂತ ಬರೆದ್ರು. ಬರೀ ಖಾಲಿ ಬಿಟ್ಟದ್ದಲ್ಲ, ಸಿಗದೇ ಇದ್ದ ವಸ್ತುವಿನ ತೂಕ ಇಷ್ಟು, ಸಾಂದ್ರತೆ ಇಷ್ಟು ಅಂತ ಮೊದಲೇ ಹೇಳಿಟ್ರು.

1875ರಲ್ಲಿ ಫ್ರಾನ್ಸಿನ ಲೆಕಾಕ್ ಡಿ ಬಾಯ್ಸ್‌ಬೊಡ್ರಾನ್‌ಗೆ ಅದರಲ್ಲಿ ಒಂದು ಸಿಕ್ತು, ಗ್ಯಾಲಿಯಂ. ಅವರು ಸಾಂದ್ರತೆ ಅಳೆದ್ರು, ನೀರಿನ 4.7 ಪಟ್ಟು ಅಂತ ಬಂತು. ಮೆಂಡಲೀವ್ ಆ ಲೋಹವನ್ನು ಕಣ್ಣಲ್ಲೂ ನೋಡಿರ್ಲಿಲ್ಲ, ಆದ್ರೂ ಇದು 5.9ರ ಹತ್ರ ಇರ್ಬೇಕು, ನಿಮ್ಮ ಸ್ಯಾಂಪಲ್ ಶುದ್ಧ ಇರ್ಲಿಕ್ಕಿಲ್ಲ, ಇನ್ನೊಮ್ಮೆ ನೋಡಿ ಅಂತ ತಿಳಿಸಿದ್ರು. ಲೆಕಾಕ್ ಇನ್ನೂ ಚೆನ್ನಾಗಿ ಶುದ್ಧ ಮಾಡಿ ಅಳೆದಾಗ ಬಂದದ್ದು 5.9. ಇದನ್ನು ಕ್ಲಾಸಲ್ಲಿ ಹೇಳುವಾಗ ನಂಗೆ ಈಗಲೂ ಮೈ ಜುಂ ಅನ್ನಿಸ್ತದೆ. ಸೇಂಟ್ ಪೀಟರ್ಸ್‌ಬರ್ಗಲ್ಲಿ ಕೂತ ಮನುಷ್ಯ ತನ್ನ ಟೇಬಲ್ಲಿನ ಒಂದು ಖಾಲಿ ಮನೆಯ ಮೇಲೆ ಇಟ್ಟ ನಂಬಿಕೆಲಿ ಪ್ಯಾರಿಸ್ಸಿನ ಅಳತೆ ತಪ್ಪು ಅಂತ ಹೇಳಿದ್ದು. ಅಂದಹಾಗೆ ಈ ಗ್ಯಾಲಿಯಂ 29.76 ಡಿಗ್ರಿಗೆ ಕರಗ್ತದೆ, ಯುರೋಪಿನವರಿಗೆ ಅದು ಗಟ್ಟಿ ಲೋಹ, ನಮ್ಮ ಮಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಬಾಟ್ಲಿಯೊಳಗೆ ನೀರಾಗಿ ಅಲ್ಲಾಡ್ತದೆ.

ಆಮೇಲೆ 1913ರಲ್ಲಿ ಮೋಸ್ಲಿ ಎಕ್ಸ್-ರೇ ಬಳಸಿ ತೋರಿಸಿದ್ದು ಎಂತ ಅಂದ್ರೆ ಸಾಲಿನ ನಿಜವಾದ ಕ್ರಮ ತೂಕ ಅಲ್ಲ, ನ್ಯೂಕ್ಲಿಯಸ್ಸಲ್ಲಿ ಎಷ್ಟು ಪ್ರೋಟಾನ್ ಉಂಟು ಅನ್ನುದು. ತಾಮ್ರಕ್ಕೆ 29, 29 ಪ್ರೋಟಾನ್ ಇದ್ದದ್ದೆಲ್ಲ ತಾಮ್ರವೇ, ಒಂದು ಜಾಸ್ತಿ ಆದ್ರೆ ಅದು ಸತು. ಮೇಲಿಂದ ಕೆಳಗಿನ ಸಾಲಲ್ಲಿ ಇರುವವರ ಹೊರಗಿನ ಇಲೆಕ್ಟ್ರಾನುಗಳ ಜೋಡಣೆ ಒಂದೇ ರೀತಿ, ಹಾಗಾಗಿ ಗುಣವೂ ಹತ್ತಿರ ಹತ್ತಿರ. ನಮ್ಮ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಎರಡನೇ ಸಾಲಿನದ್ದು, ಅದರ ಮೇಲೆ ಮೆಗ್ನೀಸಿಯಂ, ಕೆಳಗೆ ಸ್ಟ್ರಾಂಷಿಯಂ. ಅಣುಬಾಂಬು ಪರೀಕ್ಷೆಯ ಧೂಳಲ್ಲಿ ಬರುವ ಸ್ಟ್ರಾಂಷಿಯಂ-90 ಮನುಷ್ಯರ ಎಲುಬಲ್ಲಿ ಹೋಗಿ ಕೂರ್ತದೆ ಅಂತ ಕೇಳಿರ್ಬಹುದು, ಶರೀರ ಅದನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ತಗೊಳ್ತದೆ. ಟೇಬಲ್ಲಲ್ಲಿ ಒಂದರ ಕೆಳಗೆ ಒಂದು ಇರುದರ ಅರ್ಥ ಇಷ್ಟು ಗಂಭೀರ.

ಟೇಬಲ್ಲಿನ ತಾಮ್ರದ ಮನೆಲಿ ಎರಡು ನಂಬರ್ ಉಂಟು, 29 ಮತ್ತೆ 63.55. ಮೊದಲನೆಯದ್ದು ಎಣಿಕೆ, ಹಾಗಾಗಿ ಪೂರ್ಣ ಸಂಖ್ಯೆ. ಎರಡನೆಯದ್ದು ತೂಕ. ಪ್ರೋಟಾನ್ ನ್ಯೂಟ್ರಾನ್ ಎಲ್ಲ ಇಡಿ ಇಡಿ ಇರುವಾಗ 63.55 ಅಂತ ಅರ್ಧಂಬರ್ಧ ಯಾಕೆ ಮೇಡಂ ಅಂತ ಪ್ರತಿ ವರ್ಷ ಯಾರಾದ್ರೂ ಒಬ್ಬರು ಕೇಳಿಯೇ ಕೇಳ್ತಾರೆ, ಒಳ್ಳೆ ಪ್ರಶ್ನೆ. ಯಾವ ಒಂದು ತಾಮ್ರದ ಪರಮಾಣುವಿಗೂ ಅಷ್ಟು ತೂಕ ಇಲ್ಲ. ತಾಮ್ರದಲ್ಲಿ ಎರಡು ಬಗೆ, 34 ನ್ಯೂಟ್ರಾನ್ ಇರುವ ತಾಮ್ರ-63 ನೂರಕ್ಕೆ ಸುಮಾರು 69, 36 ನ್ಯೂಟ್ರಾನ್ ಇರುವ ತಾಮ್ರ-65 ಸುಮಾರು 31. ಎರಡೂ ತಾಮ್ರವೇ, ಗುಣ ಒಂದೇ, ತೂಕ ಮಾತ್ರ ಸ್ವಲ್ಪ ಬೇರೆ. ಈ ಪ್ರಮಾಣದಲ್ಲಿ ಸರಾಸರಿ ತೆಗೆದ್ರೆ 63.55. ನಾವು ತೂಗುವಾಗ ಯಾವಾಗ್ಲೂ ಕೋಟಿಗಟ್ಲೆ ಪರಮಾಣು ಒಟ್ಟಿಗೆ ತೂಗುದಲ್ವಾ, ಸರಾಸರಿಯೇ ಕೆಲಸಕ್ಕೆ ಬರುದು.

ಈಗ ಮೋಲ್. ಇಲ್ಲಿಗೆ ಬರುವಾಗ ಮಕ್ಕಳ ಮುಖ ಬಾಡ್ತದೆ, ಬಾಡ್ಬೇಕಾಗಿಲ್ಲ. ಶಂಕರಪುರ ಮಲ್ಲಿಗೆ ತಗೊಂಡವರಿಗೆ ಗೊತ್ತು, ಕಟ್ಟಿದ ಹೂವನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುದು, ಒಂದು ಚೆಂಡಲ್ಲಿ ಸುಮಾರು 800 ಹೂ, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ. ಮದುವೆಗೆ ಹೂ ಹೇಳುವಾಗ ಮೂರು ಸಾವಿರದ ಇನ್ನೂರು ಕೊಡಿ ಅಂತ ಯಾರೂ ಹೇಳುದಿಲ್ಲ, ಒಂದು ಅಟ್ಟೆ ಅಂತಾರೆ. ಮೋಲ್ ಸಹ ಹಾಗೆ ಒಂದು ಎಣಿಕೆಯ ಹೆಸರು, ತೂಕದ್ದಲ್ಲ, ಅಳತೆಯ ಪಾತ್ರೆಯದ್ದಲ್ಲ. ಪರಮಾಣು ತುಂಬ ಸಣ್ಣದಾದ್ದರಿಂದ ಎಣಿಕೆ ತುಂಬ ದೊಡ್ಡದು: 6022 ಬರೆದು ಅದರ ಮುಂದೆ 20 ಸೊನ್ನೆ ಹಾಕಿ, ಹತ್ತಿರ ಹತ್ತಿರ ಅಷ್ಟು. ಇದೇ ಅವೊಗಾಡ್ರೊ ಸಂಖ್ಯೆ.

ಅದೇ ಸಂಖ್ಯೆ ಯಾಕೆ, ಒಂದು ಕೋಟಿ ಕೋಟಿ ಅಂತ ಚೊಕ್ಕದ ಸಂಖ್ಯೆ ಇಡ್ಬಹುದಿತ್ತಲ್ಲ ಅಂದ್ರೆ, ಇದರಲ್ಲಿ ಒಂದು ದೊಡ್ಡ ಅನುಕೂಲ ಉಂಟು. ಟೇಬಲ್ಲಲ್ಲಿ ಬರೆದ ತೂಕವನ್ನು ಹಾಗೇ ಗ್ರಾಮಲ್ಲಿ ತೂಗಿದ್ರೆ ಸರಿಯಾಗಿ ಒಂದು ಮೋಲ್ ಸಿಗ್ತದೆ. 63.55 ಗ್ರಾಂ ತಾಮ್ರದ ತಂತಿ ತೂಗಿದ್ರೆ ಅಲ್ಲಿ ಒಂದು ಮೋಲ್ ತಾಮ್ರ. 40.08 ಗ್ರಾಂ ಕ್ಯಾಲ್ಸಿಯಂ ಅಂದ್ರೆ ಒಂದು ಮೋಲ್ ಕ್ಯಾಲ್ಸಿಯಂ, ತೂಕ ಬೇರೆ, ಪರಮಾಣುಗಳ ಸಂಖ್ಯೆ ಒಂದೇ. 18.02 ಗ್ರಾಂ ನೀರು ಅಂದ್ರೆ ಒಂದು ಮೋಲ್ ನೀರಿನ ಅಣು, ಒಂದು ದೊಡ್ಡ ಚಮಚದಷ್ಟು. ಎಣಿಸ್ಲಿಕ್ಕೆ ಯಾರಿಂದಲೂ ಆಗದ ಸಂಖ್ಯೆಯನ್ನು ಅಂಗಡಿಯ ತಕ್ಕಡಿ ಎಣಿಸಿ ಕೊಡ್ತದೆ.

ಹಾಗಾದ್ರೆ ನಮ್ಮ ಡ್ರಮ್ಮಿಗೆ ಬರುವ. ತುತ್ತಿನ ಒಂದು ಮೋಲಿನ ತೂಕ: ತಾಮ್ರ 63.55, ಗಂಧಕ 32.06, ನಾಲ್ಕು ಆಕ್ಸಿಜನ್ ಸೇರಿ 64.00, ಐದು ನೀರು ಸೇರಿ 90.08. ಒಟ್ಟು 249.7 ಗ್ರಾಂ ಅಂತ ಇಟ್ಕೊಳ್ಳಿ. 1 ಕಿಲೊ ಪ್ಯಾಕೆಟಲ್ಲಿ ಎಷ್ಟು ಮೋಲ್? ಸಾವಿರವನ್ನು 249.7ರಿಂದ ಭಾಗಿಸಿದ್ರೆ 4.005, ಹತ್ತಿರ ಹತ್ತಿರ 4 ಮೋಲ್. ಹಾಗಾಗಿ ಅದರಲ್ಲಿ ತಾಮ್ರ 4.005 ಗುಣಿಸು 63.55, ಅಂದ್ರೆ ಸುಮಾರು 254 ಗ್ರಾಂ. ಕಿಲೊ ತುತ್ತಲ್ಲಿ ತಾಮ್ರ ಕಾಲು ಕಿಲೊ ಚಿಲ್ಲರೆ ಅಷ್ಟೆ. ನೀರೇ ಸುಮಾರು 361 ಗ್ರಾಂ. ಒಣ ಹರಳು ಅಂತ ದುಡ್ಡು ಕೊಟ್ಟು ತಂದದ್ದರಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ನೀರು, ಇದು ಮೋಸ ಅಲ್ಲ, ಆ ಹರಳು ಇರುದೇ ಹಾಗೆ. ಕುದುರೆಮುಖದಿಂದ ಪಣಂಬೂರಿಗೆ ಪೈಪಲ್ಲಿ ಬರ್ತಿದ್ದ ಮ್ಯಾಗ್ನಟೈಟ್ ಅದಿರಿಗೂ ಇದೇ ಲೆಕ್ಕ, ಶುದ್ಧ ಮ್ಯಾಗ್ನಟೈಟಲ್ಲಿ ಕಬ್ಬಿಣ 72.4 ಶೇಕಡ, ಅದಕ್ಕಿಂತ ಜಾಸ್ತಿ ಇರ್ಲಿಕ್ಕೆ ಸಾಧ್ಯ ಇಲ್ಲ.

ಇನ್ನು ಸುಣ್ಣ. ನಂಗೆ ಈ ಡ್ರಮ್ಮಲ್ಲಿ ತುಂಬ ಇಷ್ಟದ ಭಾಗ ಇದು. ಚಿಪ್ಪನ್ನೋ ಸುಣ್ಣದ ಕಲ್ಲನ್ನೋ ಗೂಡಲ್ಲಿ ಸುಟ್ರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೋಗಿ ಸುಟ್ಟ ಸುಣ್ಣ ಉಳೀತದೆ, 100 ಕಿಲೊ ಶುದ್ಧ ಚಿಪ್ಪು ಸುಟ್ರೆ 56 ಕಿಲೊ ಸುಣ್ಣ, ಉಳಿದ 44 ಕಿಲೊ ಗಾಳಿಗೆ. ಎಲ್ಲಿಗೂ ಮಾಯ ಆಗಿಲ್ಲ, ಗಾಳಿಯನ್ನೂ ಹಿಡಿದು ತೂಗಿದ್ರೆ ಮತ್ತೆ 100 ಬರ್ತದೆ, ಇದನ್ನು ಲಾವೋಸಿಯೆ 1700ರ ದಶಕಗಳಲ್ಲೇ ಖಚಿತ ಮಾಡಿ ತೋರಿಸಿದ್ರು. ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ರೆ ಭುಸು ಭುಸು ಕುದಿದು ಅರಳ್ತದೆ, ಕಣ್ಣಿಗೆ ಹಾರದ ಹಾಗೆ ಜಾಗ್ರತೆ ಬೇಕು.

ಸುಟ್ಟ ಸುಣ್ಣದ ಒಂದು ಮೋಲ್ 56.08 ಗ್ರಾಂ. ತುತ್ತಿನ ಒಂದು ಮೋಲಿಗೆ ಸುಣ್ಣದ ಒಂದು ಮೋಲ್ ಸಾಕು, ತಾಮ್ರ ಪೂರ್ತಿ ಹೈಡ್ರಾಕ್ಸೈಡ್ ಆಗಿ ತಿಳಿನೀಲಿ ಮುದ್ದೆಯ ಹಾಗೆ ಕೂತುಕೊಳ್ಳಿಕ್ಕೆ. ನಮ್ಮಲ್ಲಿ 4 ಮೋಲ್ ತುತ್ತು, ಹಾಗಾದ್ರೆ ಬೇಕಾದ್ದು 4 ಮೋಲ್ ಸುಣ್ಣ, ಅಂದ್ರೆ ಸುಮಾರು 225 ಗ್ರಾಂ. ಆದ್ರೆ ಹಾಕುದು 1 ಕಿಲೊ, ಅದು 17.8 ಮೋಲ್! ನಾಲ್ಕು ಪಟ್ಟಿಗಿಂತ ಜಾಸ್ತಿ. ಕಿಲೊಗೆ ಕಿಲೊ ಅಂತ ಹೇಳುವಾಗ ಸಮ ಸಮ ಅಂತ ಕಾಣ್ತದೆ, ಮೋಲಲ್ಲಿ ನೋಡಿದ್ರೆ ಸಮ ಅಲ್ಲವೇ ಅಲ್ಲ. ರಾಸಾಯನಿಕ ಕ್ರಿಯೆ ಕಿಲೊ ನೋಡಿ ನಡೆಯುದಲ್ಲ, ಕಣದ ಎಣಿಕೆ ನೋಡಿ ನಡೆಯುದು.

ಹಾಗಾದ್ರೆ ಹಳಬರು ಸುಮ್ನೆ ಸುಣ್ಣ ಹಾಳು ಮಾಡಿದ್ದಾ? ಅಲ್ಲ. ಒಂದು, ಸುಣ್ಣ ಗಾಳಿಲಿ ಇಟ್ರೆ ನಿಧಾನಕ್ಕೆ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಮತ್ತೆ ಚಿಪ್ಪಿದ್ದ ರೂಪಕ್ಕೇ ಹೋಗ್ತದೆ, ಕಳೆದ ವರ್ಷದ ಚೀಲದಲ್ಲಿ ಎಷ್ಟು ಒಳ್ಳೆ ಸುಣ್ಣ ಉಳಿದಿದೆ ಅಂತ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಕಲ್ಲು ಮಣ್ಣು, ಸರಿ ಸುಡದ ಗಟ್ಟಿಗಳೂ ಇರ್ತದೆ, ಸೋಸುವಾಗ ಹೋಗ್ತದೆ. ಎರಡು, ಸುಣ್ಣ ಕಮ್ಮಿ ಆದ್ರೆ ಬಿಡಿ ತಾಮ್ರ ನೀರಲ್ಲಿ ಉಳಿದು ಎಳೆ ಕಾಯಿ, ಸಿಂಗಾರ, ಎಲೆ ಎಲ್ಲ ಸುಟ್ಟ ಹಾಗೆ ಆಗ್ತದೆ, ಸುಣ್ಣ ಜಾಸ್ತಿ ಆದ್ರೆ ಅಂಥ ಅಪಾಯ ಇಲ್ಲ. ಅಂದ್ರೆ ಅದು ಸುರಕ್ಷೆಗೆ ಇಟ್ಟ ಹೆಚ್ಚುವರಿ. ಕೂತುಕೊಂಡ ತಾಮ್ರ ಮಳೆಗೆ ಒಮ್ಮೆಲೇ ತೊಳೆದು ಹೋಗದೆ ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗಿ ಕೊಳೆರೋಗದ ಫೈಟೋಫ್ತೊರಾ ಬೀಜಕಣಗಳನ್ನು ಕೊಲ್ತದೆ, ಅದಕ್ಕೇ ಈ ಮದ್ದು ನಮ್ಮ ಕರಾವಳಿ ಮಳೆಗೂ ತಡಕೊಳ್ಳುದು.

ಸುಣ್ಣ ಸಾಕಾಯ್ತಾ ಅಂತ ನೋಡ್ಲಿಕ್ಕೆ ತೋಟದಲ್ಲಿ ಒಂದು ಪರೀಕ್ಷೆ ಉಂಟು. ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿ ಅಥವಾ ಚೂರಿಯನ್ನು ಆ ದ್ರಾವಣಕ್ಕೆ ಒಂದು ನಿಮಿಷ ಅದ್ದಿ ತೆಗೀಬೇಕು. ಅಲಗಿನ ಮೇಲೆ ಕೆಂಪು ಕಂದು ಲೇಪ ಕಂಡ್ರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡುದು, ಅಲಗು ಹೊಳಪಾಗಿಯೇ ಬಂದ್ರೆ ಸರಿ. ಆ ಕೆಂಪು ಲೇಪ ತುಕ್ಕು ಅಲ್ಲ, ನಿಜವಾದ ತಾಮ್ರ! ಕಬ್ಬಿಣ ತಾಮ್ರಕ್ಕಿಂತ ಸುಲಭವಾಗಿ ಇಲೆಕ್ಟ್ರಾನ್ ಬಿಟ್ಟುಕೊಡ್ತದೆ, ನೀರಲ್ಲಿ ಎರಡು ಇಲೆಕ್ಟ್ರಾನ್ ಕಳಕೊಂಡು ಓಡಾಡ್ತಿದ್ದ ತಾಮ್ರದ ಅಯಾನು ಅಲಗಿಗೆ ಬಂದು ಆ ಎರಡನ್ನು ಪಡ್ಕೊಂಡು ಲೋಹವಾಗಿ ಅಲ್ಲೇ ಅಂಟ್ತದೆ, ಅದರ ಬದಲಿಗೆ ಒಂದು ಕಬ್ಬಿಣದ ಪರಮಾಣು ನೀರಿಗೆ ಇಳೀತದೆ. ತುತ್ತನ್ನು ಕಬ್ಬಿಣದ ಬಕೆಟಲ್ಲಿ ಕರಗಿಸ್ಬೇಡಿ, ಪ್ಲಾಸ್ಟಿಕ್ ಡ್ರಮ್ಮೇ ಆಗ್ಬೇಕು ಅಂತ ಹೇಳುದು ಇದಕ್ಕೇ, ಬಕೆಟ್ಟೂ ತೂತು ಬೀಳ್ತದೆ, ಮದ್ದಿನ ತಾಮ್ರವೂ ಬಕೆಟಿಗೇ ಅಂಟಿ ಹೋಗ್ತದೆ. ಲಿಟ್ಮಸ್ ಕಾಗದವೂ ಆಗ್ತದೆ, ಕೆಂಪು ಕಾಗದ ನೀಲಿಯಾದ್ರೆ ಸುಣ್ಣ ಸಾಕಾಗಿದೆ ಅಂತ.

ಅಳತೆಯ ಬಗ್ಗೆ ಬೇರೆಯಾಗಿ ಹೇಳ್ಬೇಕು, ಯಾಕಂದ್ರೆ ಮೇಲಿನ ಎಲ್ಲ ಲೆಕ್ಕವೂ ಒಳ್ಳೆ ತಕ್ಕಡಿ ಇದ್ರೆ ಮಾತ್ರ. ನಮ್ಮಲ್ಲಿ ಮೊದಲು ಸೇರು, ಕುಡ್ತೆ, ಮುಡಿ ಅಂತ ಇತ್ತು, ಸೇರು ಕುಡ್ತೆ ಎಲ್ಲ ಪಾತ್ರೆಯ ಅಳತೆ, ಒಂದು ಸೇರು ಅಕ್ಕಿಯ ತೂಕ ಅಕ್ಕಿಯ ಜಾತಿ ಮೇಲೆ, ಎಷ್ಟು ಒತ್ತಿ ತುಂಬಿಸಿದ್ರು ಅನ್ನುದರ ಮೇಲೆ ಬದಲಾಗ್ತದೆ. ಈಗಲೂ ತುತ್ತನ್ನು ಡಬ್ಬಿಲಿ ಅಳೆದು ಹಾಕುವವರು ಇದ್ದಾರೆ. ಹರಳು ದಪ್ಪ ಇದ್ರೆ ನಡುವೆ ಗಾಳಿ ಜಾಸ್ತಿ, ಪುಡಿ ಆದ್ರೆ ಒತ್ತೊತ್ತಾಗಿ ಕೂರ್ತದೆ, ಅದೇ ಡಬ್ಬಿ, ತಾಮ್ರ ಬೇರೆ ಬೇರೆ. ತೂಗಿಯೇ ಹಾಕಿ, ಅದರಲ್ಲಿ ರಾಜಿ ಬೇಡ.

ತೂಗುವ ಮಿಷನ್ ಸಹ ಎರಡು ಥರ ಕೈಕೊಡ್ಬಹುದು. ಒಂದೇ ಕಲ್ಲನ್ನು ಹತ್ತು ಸಲ ಇಟ್ಟಾಗ ಹತ್ತು ಸಲವೂ 1.05 ಕಿಲೊ ತೋರಿಸ್ತದೆ ಅಂತ ಇಟ್ಕೊಳ್ಳಿ, ಆದ್ರೆ ಕಲ್ಲು ಇರುದು 1 ಕಿಲೊ. ಪ್ರತಿ ಸಲವೂ ಒಂದೇ ಉತ್ತರ ಕೊಡುವ ಗುಣ ಅದಕ್ಕುಂಟು, ಆ ಉತ್ತರ ಸರಿ ಇಲ್ಲ. ಇನ್ನೊಂದು ಮಿಷನ್ 0.95, 1.04, 1.01 ಅಂತ ಆಚೆ ಈಚೆ ಹೋಗ್ತದೆ, ಸರಾಸರಿ ಸರಿ, ಒಂದೊಂದನ್ನು ನಂಬ್ಲಿಕ್ಕಾಗುದಿಲ್ಲ. ಮೊದಲನೆಯದ್ದನ್ನು ಗೊತ್ತಿರುವ ತೂಕದ ಬಟ್ಟು ಇಟ್ಟು ಸರಿ ಮಾಡ್ಬಹುದು, ಎರಡನೆಯದ್ದಕ್ಕೆ ಹಲವು ಸಲ ತೂಗಿ ಸರಾಸರಿ ತೆಗೀಬೇಕು. ಬರೀ "ತಪ್ಪು ಬಂತು" ಅಂದ್ರೆ ಸಾಲದು, ಯಾವ ಥರದ ತಪ್ಪು ಅಂತ ನೋಡಿದ್ರೆ ಮಾತ್ರ ರಿಪೇರಿ ಗೊತ್ತಾಗುದು.

ಸಿಗ್ನಿಫಿಕೆಂಟ್ ಫಿಗರ್ ಅಂತ ಮಕ್ಕಳನ್ನು ಹೆದರಿಸುದೂ ಇದಕ್ಕೇ ಸಂಬಂಧಪಟ್ಟದ್ದು. ಕ್ಯಾಲ್ಕುಲೇಟರಲ್ಲಿ 1000 ಭಾಗಿಸು 249.7 ಅಂದ್ರೆ 4.00480577 ಅಂತ ಬರ್ತದೆ, ಮಕ್ಕಳು ಎಲ್ಲವನ್ನೂ ಬರೀತಾರೆ. ಆದ್ರೆ ನಿಮ್ಮ ತಕ್ಕಡಿ 10 ಗ್ರಾಮಿಗಿಂತ ಸಣ್ಣದು ತೋರಿಸುದೇ ಇಲ್ಲ ಅಂತಾದ್ರೆ ನಿಮ್ಮ ಕಿಲೊ ಅಂದ್ರೆ 0.99ರಿಂದ 1.01ರ ನಡುವೆ ಎಲ್ಲೋ. ಆಗ 4.00 ಅಂತ ಬರೆದ್ರೆ ಸತ್ಯ, ಅದಕ್ಕಿಂತ ಮುಂದಿನ ಅಂಕೆಗಳನ್ನು ನೀವು ಅಳೆದೇ ಇಲ್ಲ, ಅಳೆಯದ್ದನ್ನು ಬರೀಬಾರ್ದು. ನಿಯಮ ಅಂತ ಬಾಯಿಪಾಠ ಮಾಡುವ ಬದಲು ಇದನ್ನು ಪ್ರಾಮಾಣಿಕತೆ ಅಂತ ತಗೊಂಡ್ರೆ ಸುಲಭ.

ಕಿಲೊ ಅಂದ್ರೆ ಎಷ್ಟು ಅಂತ ನಿರ್ಧಾರ ಮಾಡುದು ಯಾರು ಅಂದ್ರೆ, 1889ರಿಂದ ಪ್ಯಾರಿಸ್ ಹತ್ರ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಒಂದು ಉರುಟು ಬಟ್ಟೇ ಜಗತ್ತಿಗೆಲ್ಲ ಕಿಲೊ ಆಗಿತ್ತು, ಅದರ 57ನೇ ನಂಬರಿನ ನಕಲು ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಲಿ ಉಂಟು. ವರ್ಷಗಳ ಮೇಲೆ ಹೋಲಿಸಿ ನೋಡಿದಾಗ ಮೂಲ ಬಟ್ಟಿಗೂ ನಕಲುಗಳಿಗೂ ಸಣ್ಣ ವ್ಯತ್ಯಾಸ ಕಂಡಿತು. ಹಾಗಾಗಿ 2019ರ ಮೇ 20ರಿಂದ ಕಿಲೊವನ್ನು ಬಟ್ಟಿನಿಂದ ಬಿಡಿಸಿ ಪ್ಲಾಂಕ್ ಸ್ಥಿರಾಂಕದ ಮೇಲೆ, ಅಂದ್ರೆ ಎಲ್ಲಿ ಅಳೆದ್ರೂ ಬದಲಾಗದ ಪ್ರಕೃತಿಯ ಒಂದು ಸಂಖ್ಯೆಯ ಮೇಲೆ ನಿಲ್ಲಿಸಿದ್ರು. ಅದೇ ದಿನ ಮೋಲಿನ ಎಣಿಕೆಯನ್ನೂ 602214076 ಮತ್ತೆ ಅದರ ಮುಂದೆ 15 ಸೊನ್ನೆ ಅಂತ ಖಾಯಂ ಮಾಡಿದ್ರು. ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಉಂಟೋ ಅಷ್ಟು ಅಂತ ಇದ್ದದ್ದು ಈಗ ನೇರವಾಗಿ ಒಂದು ಸಂಖ್ಯೆ. ಹಳೇ ಪುಸ್ತಕ ಇಟ್ಕೊಂಡು ಓದುವವರು ಇದನ್ನು ತಿದ್ದಿಕೊಳ್ಳಿ.

ಇನ್ನು ಒಂದು ಲೆಕ್ಕ ತೋಟದವರೇ ಮಾಡಿ ನೋಡ್ಬೇಕಾದ್ದು. ರಾಸಾಯನಿಕ ಕ್ರಿಯೆಲಿ ಪರಮಾಣು ನಾಶ ಆಗುದಿಲ್ಲ, ಜೋಡಿ ಬದಲಿಸ್ತದೆ ಅಷ್ಟೆ. ಗೊನೆಗೆ ಬಿಟ್ಟ ತಾಮ್ರ ಮಳೆಗೆ ತೊಳೆದು ನೆಲಕ್ಕೆ ಬಂದು ಮಣ್ಣಿನ ಜೇಡಿ, ಕೊಳೆತ ಸೊಪ್ಪಿನ ಅಂಶಕ್ಕೆಲ್ಲ ಅಂಟಿ ಬಹುಪಾಲು ಅಲ್ಲೇ ನಿಲ್ತದೆ, ವರ್ಷ ವರ್ಷ ಸೇರ್ತಾ ಹೋಗ್ತದೆ. ಜಾಸ್ತಿ ಆದ್ರೆ ಎರೆಹುಳ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ತೊಂದ್ರೆ. ಯುರೋಪಿಯನ್ ಯೂನಿಯನ್ ಇದಕ್ಕೇ ಒಂದು ಮಿತಿ ಹಾಕಿದೆ, ಹೆಕ್ಟೇರಿಗೆ 7 ವರ್ಷದಲ್ಲಿ ಒಟ್ಟು 28 ಕಿಲೊ ತಾಮ್ರ, ಸರಾಸರಿ ವರ್ಷಕ್ಕೆ 4 ಕಿಲೊ. ಇದು ತುತ್ತಿನ ತೂಕ ಅಲ್ಲ, ತಾಮ್ರದ ತೂಕ, ಇಲ್ಲಿ ತುಂಬ ಜನ ಗೊಂದಲ ಮಾಡ್ಕೊಳ್ತಾರೆ. 100 ಲೀಟರಿನ ಒಂದು ಡ್ರಮ್ಮಲ್ಲಿ ತಾಮ್ರ 254 ಗ್ರಾಂ ಅಂತ ಮೇಲೆ ನೋಡಿದ್ವಲ್ಲ, 4 ಕಿಲೊ ತಾಮ್ರ ಅಂದ್ರೆ ಹತ್ತಿರ ಹತ್ತಿರ 15.7 ಡ್ರಮ್ಮು. ಎಕ್ರೆ ಲೆಕ್ಕದಲ್ಲಾದ್ರೆ ಅದನ್ನು 2.47ರಿಂದ ಭಾಗಿಸಿ, 6.4 ಡ್ರಮ್ಮು ಬರ್ತದೆ. ನಿಮ್ಮ ತೋಟಕ್ಕೆ ಮೇ ಕೊನೆಯಿಂದ ಶುರುಮಾಡಿ ಆ ಮಳೆಗಾಲದಲ್ಲಿ ಎಕ್ರೆಗೆ ಒಟ್ಟು ಎಷ್ಟು ಡ್ರಮ್ಮು ಬಿಟ್ರಿ ಅಂತ ಬರೆದಿಟ್ಟು 254ರಿಂದ ಗುಣಿಸಿ ನೋಡಿ, ಮತ್ತೆ ಮೂರು ನಾಲ್ಕು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರದ ಅಂಶವನ್ನೂ ನೋಡಿ ಅಂತ ಬಾಯಿಬಿಟ್ಟು ಹೇಳಿ.